ಹವ್ಯಾಸಿ ರೇಡಿಯೋವನ್ನು ಸ್ಪಷ್ಟವಾಗಿ ಕೇಳುವ ಬಗೆ

ರೇಡಿಯೋ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದ ವಿಷಯ, ಕಲಾ ವಿಭಾಗದವರಿಗೆ ಅದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. 1935ರ ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರಿನ ತಮ್ಮ ಮನೆಯಿಂದ, ಕೇವಲ 30 ವಾಟ್ ಬಲದ ಯಂತ್ರವೊಂದರ ಮೂಲಕ ರೇಡಿಯೋ ಪ್ರಸಾರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ನೆನೆದರೆ ಈ ಸಂದೇಹಕ್ಕೆ ಎಡೆಯಿಲ್ಲ. ಮುಂದೆ ಇಡೀ ಭಾರತದ ರೇಡಿಯೋಗೆ ಸಂದ 'ಆಕಾಶವಾಣಿ' ಎಂಬ ಹೆಸರನ್ನು ಹೊತ್ತಿದ್ದುದು ಅವರ ಆ ಪುಟ್ಟ ನಿಲಯವೇ. ಅಂಥ ಪರಂಪರೆಯ ನಾಡಿನಲ್ಲಿ ಹುಟ್ಟಿದ ಬಿ.ಎ. ವಿದ್ಯಾರ್ಥಿಯೊಬ್ಬನು ತಾನು ಎರಡು ವರ್ಷಗಳಿಂದ ಕಲಿತುದನ್ನು ನಾಲ್ಕು ಪುಟಗಳಲ್ಲಿ ಬರೆದರೆ ಅದು ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇನೆ.

ಹವ್ಯಾಸಿ ರೇಡಿಯೋ ಎಂದರೆ ಲಾಭದ ಆಸೆಯಿಲ್ಲದೆ, ಸ್ವಂತ ಕುತೂಹಲಕ್ಕಾಗಿ, ಸರ್ಕಾರದ ಪರವಾನಗಿ ಪಡೆದು, ಲೋಕದ ಜನರು ತಮ್ಮ ತಮ್ಮ ಮನೆಗಳಿಂದ ಪರಸ್ಪರ ಮಾತನಾಡುವ ಪದ್ಧತಿ. ಇಂಥವರನ್ನು 'ಹ್ಯಾಮ್' ಎಂದು ಕರೆಯುವುದು ರೂಢಿ. ನಮ್ಮ ದೇಶದ ಹ್ಯಾಮ್‌ಗಳ ಕರೆ ಸಂಕೇತವು ಸಾಮಾನ್ಯವಾಗಿ 'ವಿ.ಯು.' ಎಂಬ ಅಕ್ಷರಗಳಿಂದ ಮೊದಲಾಗುತ್ತದೆ. ಮಾತನಾಡಬೇಕಾದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಲೇಬೇಕು. ಆದರೆ ಮಾತು ಕಲಿಯುವ ಮೊದಲು ಮಗು ಹೇಗೆ ಕೇಳಲು ಕಲಿಯುವುದೋ ಹಾಗೆಯೇ ಇಲ್ಲಿಯೂ ಕೇಳುವುದೇ ಮೊದಲ ಪಾಠ. ಈ ಲೇಖನ ಆ ಮೊದಲ ಪಾಠಕ್ಕೆ ಮಾತ್ರ ಮೀಸಲು.

ಹಿಂದಿನ ರೇಡಿಯೋ ಪೆಟ್ಟಿಗೆಯಲ್ಲಿ ಬೇಕಾದ ನಿಲಯವನ್ನು ಆರಿಸುವುದು, ಬೇಡವಾದುದನ್ನು ಸೋಸುವುದು, ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವುದು, ಇವೆಲ್ಲ ತಂತಿಯ ಸುರುಳಿಗಳ ಮತ್ತು ಕಂಡೆನ್ಸರುಗಳ ಕೆಲಸವಾಗಿತ್ತು. ಈಗಿನ 'ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋ', ಸಂಕ್ಷೇಪವಾಗಿ ಎಸ್.ಡಿ.ಆರ್., ಬಂದ ಅಲೆಯನ್ನು ಅಂಕಿಗಳನ್ನಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಉಳಿದುದೆಲ್ಲ ಕಂಪ್ಯೂಟರಿನ ಲೆಕ್ಕಾಚಾರ. ಟೆಲಿವಿಷನ್ ನೋಡುವುದಕ್ಕೆಂದು ತಯಾರಾದ, 'ಆರ್.ಟಿ.ಎಲ್. 2832 ಯು' ಎಂಬ ಚಿಪ್ಪುಳ್ಳ ಯು.ಎಸ್.ಬಿ. ಕಡ್ಡಿಯನ್ನು ಹೀಗೆ ಬಳಸಬಹುದೆಂಬುದು 2012ರಲ್ಲಿ ಬೆಳಕಿಗೆ ಬಂದ ಮೇಲೆ, ಹೆಬ್ಬೆರಳಿನ ಗಾತ್ರದ ಈ ಯಂತ್ರ ಬಡ ವಿದ್ಯಾರ್ಥಿಯ ಕೈಗೂ ಎಟುಕಿತು. ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಅದು ಹಿಡಿಯಬಲ್ಲುದು. ಒಂದು ಸಲಕ್ಕೆ ಸುಮಾರು 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ತೆರೆಯ ಮೇಲೆ ತೋರಿಸುತ್ತದೆ. ಅಲ್ಲಿ ನಿಲಯಗಳು ಮೇಲಿನಿಂದ ಕೆಳಕ್ಕೆ ಜಾರುವ ಬಣ್ಣದ ಗೆರೆಗಳಾಗಿ ಕಾಣುವುದರಿಂದ ಆ ಚಿತ್ರಕ್ಕೆ 'ವಾಟರ್‌ಫಾಲ್', ಎಂದರೆ ಜಲಪಾತ, ಎಂದು ಹೆಸರು.

ಯಂತ್ರವೇನೋ ಅಗ್ಗ. ಆದರೆ ಕೊಂಡವರಲ್ಲಿ ಅನೇಕರು ಬರಿಯ ಭೋರ್ಗರೆತವನ್ನು ಕೇಳಿ ಬೇಸತ್ತು, ಇನ್ನೂ ಹೆಚ್ಚಿನ ಬೆಲೆಯ ಯಂತ್ರವಿಲ್ಲದೆ ಏನೂ ಕೇಳದೆಂದು ಅದನ್ನು ಮೂಲೆಗೆ ಹಾಕುತ್ತಾರೆ. ನಾನು ಹೇಳಲಪೇಕ್ಷಿಸುವ ಮುಖ್ಯ ಮಾತು ಇದಕ್ಕೆ ವಿರುದ್ಧವಾದುದು. ಸ್ಪಷ್ಟವಾಗಿ ಕೇಳುವುದು ಹಣದಿಂದಲ್ಲ, ಗದ್ದಲವನ್ನು ತಗ್ಗಿಸುವುದರಿಂದ. ಅದಕ್ಕೆ ಬೇಕಾದುದು ತಂತಿ, ತಾಳ್ಮೆ ಮತ್ತು ತಕ್ಕಮಟ್ಟಿನ ಲೆಕ್ಕ.

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರಿಗೆ ಈ ತತ್ತ್ವವನ್ನು ವಿವರಿಸುವುದು ಸುಲಭ. ದೊಡ್ಡ ಬಸವಣ್ಣನ ಗುಡಿಯ ಮುಂದೆ ನಿಂತು, ಹತ್ತು ಮಾರು ದೂರದ ಗೆಳೆಯನ ಮಾತನ್ನು ಕೇಳಲೆತ್ನಿಸುತ್ತೇವೆನ್ನಿ. ಕಿವಿಗೆ ಕೈಯನ್ನು ಬಟ್ಟಲಿನಂತೆ ಹಿಡಿದರೆ ಗೆಳೆಯನ ದನಿಯೊಡನೆ ಜನರ ಗದ್ದಲವೂ ಹೆಚ್ಚುತ್ತದೆ. ಅರ್ಥವಾಗುವುದು ಮಾತ್ರ ಮೊದಲಿನಷ್ಟೆ. ಅಷ್ಟರಲ್ಲಿ ಪಕ್ಕದಲ್ಲೊಬ್ಬ ಹುಡುಗ ಕಿವಿಯ ಬಳಿಯೇ ಪೀಪಿ ಊದಿದರೆ ಏನೇನೂ ಕೇಳುವುದಿಲ್ಲ. ಮೊದಲನೆಯದು ಗದ್ದಲದ ತೊಂದರೆ, ಎರಡನೆಯದು ಅತಿಬಲದ ತೊಂದರೆ. ರೇಡಿಯೋ ಕೇಳುವವನ ಶತ್ರುಗಳು ಈ ಇಬ್ಬರೇ. ಸಂಕೇತವು ಎಷ್ಟು ಬಲವಾಗಿದೆ ಎಂಬುದಕ್ಕಿಂತ, ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದೇ ಮುಖ್ಯ. ಈ ವ್ಯತ್ಯಾಸವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ: 3 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಎರಡರಷ್ಟು, 10 ಎಂದರೆ ಹತ್ತರಷ್ಟು, 20 ಎಂದರೆ ನೂರರಷ್ಟು.

ಮೊದಲು ಗದ್ದಲದ ವಿಚಾರ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ಅನಂತರ ಬೆಳೆದ ಬಸವನಗುಡಿ ಮಲ್ಲೇಶ್ವರಗಳಾಗಲಿ ಇಂದು ಗೋಡೆಗೆ ಗೋಡೆ ತಾಗಿದ ಬಡಾವಣೆಗಳು. ಪ್ರತಿಯೊಂದು ಮನೆಯಲ್ಲಿಯೂ ಎಲ್.ಇ.ಡಿ. ದೀಪ, ಫೋನಿನ ಚಾರ್ಜರ್, ಇನ್ವರ್ಟರ್, ಟೆಲಿವಿಷನ್ ಇವೆ. ಇವುಗಳೊಳಗಿನ ವಿದ್ಯುತ್ ಪೂರೈಕೆಯ ಸಲಕರಣೆಯು ಸೆಕೆಂಡಿಗೆ ಹತ್ತಾರು ಸಾವಿರ ಸಲ ಹೊತ್ತಿ ಆರುತ್ತ ಕೆಲಸ ಮಾಡುತ್ತದೆ. ಹಾಗೆ ಹೊತ್ತಿ ಆರುವ ಪ್ರತಿಯೊಂದು ಕಟ್ಟಣೆಯೂ ಒಂದು ಸಣ್ಣ ರೇಡಿಯೋ ಪ್ರಸಾರಕವೇ ಸರಿ; ಮನೆಯ ವಿದ್ಯುತ್ ತಂತಿಗಳೇ ಅದರ ಏರಿಯಲ್ಲು. ಜಲಪಾತದ ಚಿತ್ರದಲ್ಲಿ ಬೇಲಿಯ ಗೂಟಗಳಂತೆ ಸಮದೂರದಲ್ಲಿ ನಿಂತು, ಮೆಲ್ಲಮೆಲ್ಲನೆ ಅತ್ತಿತ್ತ ಸರಿಯುವ ಗೆರೆಗಳು ಕಂಡರೆ ಅವು ನಿಲಯಗಳಲ್ಲ, ಯಾವುದೋ ಚಾರ್ಜರಿನ ಗುರುತು ಎಂದು ತಿಳಿಯಬಹುದು.

ಈ ಕಳ್ಳರನ್ನು ಹಿಡಿಯುವ ಉಪಾಯ ಸರಳ. ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಿಂದಲೇ ನಡೆಸುತ್ತ, ಮನೆಯ ಮೇನ್ ಸ್ವಿಚ್ಚನ್ನು ಎರಡು ನಿಮಿಷ ಆರಿಸತಕ್ಕದ್ದು. ಆಗ ತೆರೆಯ ತಳದಲ್ಲಿರುವ ಗದ್ದಲದ ಗೆರೆ ಎಷ್ಟು ಇಳಿಯುವುದೆಂಬುದನ್ನು ಬರೆದುಕೊಳ್ಳಬೇಕು. ಇಳಿದಷ್ಟೂ ತಪ್ಪು ನಮ್ಮ ಮನೆಯದು. ಇಳಿಯದೆ ಉಳಿದುದು ಹೊರಗಿನದು. ಅನಂತರ ಮತ್ತೆ ವಿದ್ಯುತ್ತನ್ನು ಹರಿಸಿ, ಒಂದೊಂದೇ ಸಲಕರಣೆಯನ್ನು ಹಾಕುತ್ತ ಹೋದರೆ ಯಾವುದರಿಂದ ಎಷ್ಟು ಗದ್ದಲ ಎಂಬ ಪಟ್ಟಿ ಸಿದ್ಧವಾಗುತ್ತದೆ. ಊರಿಗೇ ವಿದ್ಯುತ್ ನಿಂತ ರಾತ್ರಿ ಈ ಪರೀಕ್ಷೆಗೆ ಹಬ್ಬವಿದ್ದಂತೆ.

ನಮ್ಮ ವಠಾರದಲ್ಲಿ ಎಂಟು ಮನೆಗಳಿವೆ. ನಮ್ಮ ಮನೆಯ ಪಟ್ಟಿ ಮುಗಿದ ಮೇಲೂ 7 ಮೆಗಾಹರ್ಟ್ಸ್ ಸುತ್ತ ಗೂಟಗಳ ಸಾಲೊಂದು ಉಳಿದಿತ್ತು. ಅದು ಸಂಜೆ ಆರಕ್ಕೆ ಬಂದು ಒಂಬತ್ತಕ್ಕೆ ಹೋಗುತ್ತಿದ್ದುದನ್ನು ಗಮನಿಸಿ, ಎದುರು ಮನೆಯ ಅಜ್ಜಿಯನ್ನು ವಿಚಾರಿಸಿದೆ.

"ಅಜ್ಜಿ, ಸಂಜೆ ಹೊತ್ತು ಏನಾದರೂ ಹೊಸ ದೀಪ ಹಾಕ್ತೀರಾ?"

"ದೇವರ ಮನೆ ಸೀರಿಯಲ್ ಸೆಟ್ಟು ಕಣಪ್ಪಾ. ಅದು ನಿನ್ನ ರೇಡಿಯೋಗೆ ಏನು ಮಾಡ್ತು?"

ತೆರೆಯನ್ನೇ ತಂದು ತೋರಿಸಿದೆ. ಅವರು ತಾವೇ ಸ್ವಿಚ್ಚನ್ನು ಹಾಕಿ ಆರಿಸಿ, ಗೆರೆಗಳು ಬಂದು ಹೋಗುವುದನ್ನು ನೋಡಿ, "ಅಯ್ಯೋ ರಾಮ, ಇದಕ್ಕೂ ಬಾಯಿ ಇದೆಯಲ್ಲೋ" ಎಂದರು. ಸದರ್ ಪತ್ರಪ್ಪ ರಸ್ತೆಯ ಅಂಗಡಿಯಿಂದ ಫೆರೈಟ್ ಉಂಗುರವೊಂದನ್ನು ತಂದು, ಆ ದೀಪದ ಅಡಾಪ್ಟರಿನ ತಂತಿಯನ್ನು ಅದರೊಳಗೆ ಏಳೆಂಟು ಸುತ್ತು ಸುತ್ತಿದೆ. ದೇವರ ದೀಪ ಆರಲಿಲ್ಲ, ಗೆರೆಗಳು ಮಸುಕಾದವು. ಫೆರೈಟ್ ಎಂಬುದು ಕಬ್ಬಿಣದ ಆಕ್ಸೈಡನ್ನು ಬೇರೆ ಲೋಹಗಳ ಆಕ್ಸೈಡುಗಳೊಡನೆ ಸೇರಿಸಿ ಸುಟ್ಟ ಕಪ್ಪು ಮಣ್ಣಿನಂಥ ವಸ್ತು. ತಂತಿಯ ಹೊರಮೈಯಲ್ಲಿ ಹರಿಯುವ ರೇಡಿಯೋ ಅಲೆಗಳಿಗೆ ಅದು ಅಡ್ಡಿಯಾಗುತ್ತದೆ, ಮನೆಯ ವಿದ್ಯುತ್ತಿಗೆ ಆಗುವುದಿಲ್ಲ. ನಮ್ಮ ಕಡ್ಡಿಯ ಯು.ಎಸ್.ಬಿ. ತಂತಿಗೂ ಏರಿಯಲ್ಲಿನಿಂದ ಇಳಿದು ಬರುವ ಕೇಬಲ್ಲಿಗೂ ಇಂಥದೇ ಉಂಗುರವನ್ನು ತೊಡಿಸುವುದು ಉತ್ತಮ.

ಎರಡನೆಯದು ಏರಿಯಲ್. ಕಡ್ಡಿಯೊಡನೆ ಬರುವ ಗೇಣುದ್ದದ ಏರಿಯಲ್ಲನ್ನು ಮೇಜಿನ ಮೇಲಿಟ್ಟು ಕೇಳುವುದೆಂದರೆ ಪರಿಷೆಯ ನಟ್ಟನಡುವೆ ನಿಂತಂತೆಯೇ. ಅಲೆಯ ಅರ್ಧದಷ್ಟು ಉದ್ದದ ತಂತಿಯನ್ನು ನಡುವೆ ಕತ್ತರಿಸಿ, ಎರಡು ತೋಳುಗಳನ್ನಾಗಿ ಮಾಡಿ ಕಟ್ಟಿದರೆ ಅದಕ್ಕೆ ಡೈಪೋಲ್ ಎಂದು ಹೆಸರು. ಅದರ ಒಟ್ಟು ಉದ್ದವನ್ನು ಮೀಟರುಗಳಲ್ಲಿ ತಿಳಿಯಲು, 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಭಾರತದ ಹ್ಯಾಮ್‌ಗಳು ಬೆಳಗಿನ ಹೊತ್ತು ಹೆಚ್ಚಾಗಿ ಮಾತನಾಡುವ 7.1 ಮೆಗಾಹರ್ಟ್ಸ್‌ಗೆ ಇದು ಸುಮಾರು 20 ಮೀಟರು, 14.2ಕ್ಕೆ 10 ಮೀಟರು, 145.8ಕ್ಕೆ 98 ಸೆಂಟಿಮೀಟರು.

ಬೆಂಗಳೂರಿನವರಿಗೆ ಮೂವತ್ತು-ನಲವತ್ತು ಅಡಿಯ ನಿವೇಶನ ಚಿರಪರಿಚಿತ. ಪೈಥಾಗೊರಸನ ಪ್ರಮೇಯದಂತೆ ಅದರ ಕರ್ಣ ಸರಿಯಾಗಿ 50 ಅಡಿ, ಎಂದರೆ 15 ಮೀಟರಿಗಿಂತ ಸ್ವಲ್ಪ ಹೆಚ್ಚು. ಆದುದರಿಂದ 14 ಮೆಗಾಹರ್ಟ್ಸ್‌ನ ಡೈಪೋಲ್ ನಮ್ಮ ಮಹಡಿಯ ಮೇಲೆ ನೆಟ್ಟಗೆ ಹಿಡಿಸುತ್ತದೆ. 7 ಮೆಗಾಹರ್ಟ್ಸ್‌ನದು ಮೂಲೆಯಿಂದ ಮೂಲೆಗೆ ಕಟ್ಟಿದರೂ ಹಿಡಿಸದು. ಇದಕ್ಕಾಗಿ ನಿರಾಶರಾಗಬೇಕಿಲ್ಲ. ನಡುವೆ ಒಂದು ಬಿದಿರಿನ ಗಳುವನ್ನು ನಿಲ್ಲಿಸಿ, ತೋಳುಗಳನ್ನು ಎರಡೂ ಕಡೆಗೆ ಇಳಿಜಾರಾಗಿ ಎಳೆದು, ಉಳಿದ ತುದಿಗಳನ್ನು ಕೆಳಕ್ಕೆ ಇಳಿಬಿಟ್ಟರೂ ಕೇಳುವ ಕೆಲಸಕ್ಕೆ ಧಾರಾಳವಾಗಿ ಸಾಕು. ಮಹಡಿಯೇ ಇಲ್ಲದವರು ತಂತಿಯನ್ನು ಒಂದು ಮೀಟರ್ ಅಡ್ಡಳತೆಯ ಬಳೆಯಂತೆ ಬಾಗಿಸಿ ಕಿಟಕಿಯ ಬಳಿ ನಿಲ್ಲಿಸಬಹುದು. ಈ ಬಳೆಯು ಸಂಕೇತವನ್ನು ಕಡಮೆ ಹಿಡಿದರೂ, ಅದನ್ನು ತಿರುಗಿಸುತ್ತ ಹೋದರೆ ಯಾವುದೋ ಒಂದು ದಿಕ್ಕಿನಲ್ಲಿ ಗದ್ದಲ ಥಟ್ಟನೆ ತಗ್ಗುತ್ತದೆ. ನಮಗೆ ಬೇಕಾದುದು ಅದೇ.

ಮೇಲಿನ ಆವರ್ತಾಂಕಗಳ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಅಲ್ಲಿ ಎತ್ತರಕ್ಕೆ ಬೆಲೆ ಹೆಚ್ಚು. ಏರಿಯಲ್ಲಿನ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ನಾಲ್ಕು ಮೀಟರಿಗೆ ಸುಮಾರು 8, ಹದಿನಾರು ಮೀಟರಿಗೆ ಸುಮಾರು 16. ಎತ್ತರವು ನಾಲ್ಕರಷ್ಟಾದರೆ ದೂರವು ಎರಡರಷ್ಟು ಎಂದಾಯಿತು. ಊರಿನ ಹ್ಯಾಮ್‌ಗಳ ಮಾತಿಗೆ ಏರಿಯಲ್ಲನ್ನು ಲಂಬವಾಗಿಯೂ, ಉಪಗ್ರಹಗಳಿಗೆ ಎರಡು ತೋಳುಗಳನ್ನು 120 ಅಂಶದ ಕೋನದಲ್ಲಿ ಮಲಗಿಸಿಯೂ ಇಡುವುದು ವಾಡಿಕೆ.

ಇಲ್ಲೊಂದು ಎಚ್ಚರಿಕೆ. ಬೀದಿಯ ವಿದ್ಯುತ್ ತಂತಿಗಳ ಮೇಲಾಗಲಿ ಸಮೀಪದಲ್ಲಾಗಲಿ ಏರಿಯಲ್ಲನ್ನು ಎಂದಿಗೂ ಎಳೆಯಬಾರದು. ಏಪ್ರಿಲ್ ಮೇ ತಿಂಗಳುಗಳ ಸಂಜೆಯಲ್ಲಿ ಗುಡುಗು ಕೇಳಿದೊಡನೆ ಕೇಬಲ್ಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗಿಡತಕ್ಕದ್ದು. ಮಾಳಿಗೆಗೆ ಓಡಿ ಕಳಚುವಷ್ಟು ಹೊತ್ತು ಕಾಯದೆ, ಮೋಡ ಕಂಡಾಗಲೇ ಕಳಚಿಡುವುದು ಜಾಣತನ.

ಮೂರನೆಯದು ಕೇಬಲ್. ಏರಿಯಲ್ ಗಳಿಸಿದುದನ್ನು ಕೇಬಲ್ ದಾರಿಯಲ್ಲಿಯೇ ಖರ್ಚು ಮಾಡುವುದುಂಟು. 'ಆರ್.ಜಿ. 58' ಎಂಬ ಸಪುರ ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರಿಗೆ ಸುಮಾರು 2 ಡೆಸಿಬೆಲ್ ನುಂಗುತ್ತದೆ. 435ರಲ್ಲಿ 3ಕ್ಕೂ ಮೀರಿ, ಎಂದರೆ ಅರ್ಧಕ್ಕಿಂತಲೂ ಹೆಚ್ಚು. ಕೇಬಲ್ ಟೆಲಿವಿಷನ್ನಿಗೆ ಬಳಸುವ 'ಆರ್.ಜಿ. 6' ಅಗ್ಗವಾದುದೂ ಹೌದು, ನಷ್ಟದಲ್ಲಿ ಅದರ ಅರ್ಧದಷ್ಟೂ ಹೌದು. ಅದು 75 ಓಮಿನದು, ನಮ್ಮ ಕಡ್ಡಿ 50 ಓಮಿನದು ಎಂದು ಹೆದರಬೇಕಾಗಿಲ್ಲ. ಆ ಹೊಂದಾಣಿಕೆಯ ಕೊರತೆಯಿಂದಾಗುವ ನಷ್ಟ ಒಂದು ಡೆಸಿಬೆಲ್ಲಿನ ಐದನೆಯ ಒಂದು ಭಾಗದಷ್ಟೂ ಆಗದು. ಇದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ ಕಡ್ಡಿಯನ್ನೇ ಏರಿಯಲ್ಲಿನ ಬಳಿಗೆ ಒಯ್ದು, ಕಂಪ್ಯೂಟರಿನಿಂದ ಅಲ್ಲಿಗೆ ಯು.ಎಸ್.ಬಿ. ತಂತಿಯನ್ನು ಎಳೆಯುವುದು. ಅಂಕಿಗಳಾದ ಮೇಲೆ ಅಲೆಗೆ ದಾರಿಯ ನಷ್ಟವಿಲ್ಲ.

ನಾಲ್ಕನೆಯದು 'ಗೇನ್', ಎಂದರೆ ವರ್ಧನೆಯ ಹಿಡಿತ. ಇದೇ ಪೀಪಿಯ ಪ್ರಕರಣ. ನಮ್ಮ ಕಡ್ಡಿಯು ಅಲೆಯ ಎತ್ತರವನ್ನು 8 ಬಿಟ್‌ಗಳಲ್ಲಿ, ಎಂದರೆ ಕೇವಲ 256 ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಒಂದೊಂದು ಬಿಟ್ಟಿಗೆ 6 ಡೆಸಿಬೆಲ್‌ನಂತೆ ಎಲ್ಲಕ್ಕಿಂತ ಬಲವಾದುದಕ್ಕೂ ಎಲ್ಲಕ್ಕಿಂತ ಮೆಲ್ಲಗಿನದಕ್ಕೂ ನಡುವೆ ಅದಕ್ಕಿರುವ ಎಡೆ ಸುಮಾರು 48 ಡೆಸಿಬೆಲ್. ಬೆಂಗಳೂರಿನ ನಡುವೆ ಎಫ್.ಎಂ. ನಿಲಯಗಳು ಅನೇಕ, 101.3ರ ರೇನ್‌ಬೋ, 102.9ರ ವಿವಿಧ ಭಾರತಿ ಎಲ್ಲರಿಗೂ ಪರಿಚಿತ. ಅವುಗಳ ಅಬ್ಬರ ಈ ಮೆಟ್ಟಿಲುಗಳನ್ನೆಲ್ಲ ಆಕ್ರಮಿಸಿಕೊಂಡರೆ ಹ್ಯಾಮ್‌ನ ಸಣ್ಣ ದನಿ ಮೊದಲ ಮೆಟ್ಟಿಲನ್ನೂ ಏರಲಾರದು. ಅಷ್ಟೇ ಅಲ್ಲದೆ, ಇಲ್ಲದ ಕಡೆಗಳಲ್ಲೂ ಆ ನಿಲಯಗಳ ಸಂಗೀತ ಭೂತದಂತೆ ಕೇಳಿಬರುತ್ತದೆ.

ಆದುದರಿಂದ ಯಂತ್ರವು ತಾನೇ ವರ್ಧನೆಯನ್ನು ನಿರ್ಧರಿಸುವ ಏರ್ಪಾಡನ್ನು ಆರಿಸಿ, ಹಿಡಿತವನ್ನು ಸೊನ್ನೆಗಿಳಿಸಿ, ಒಂದೊಂದೇ ಹಂತ ಏರಿಸುತ್ತ ಹೋಗಬೇಕು. ಏರಿಯಲ್ಲನ್ನು ಸಿಕ್ಕಿಸಿದಾಗ ತಳದ ಗದ್ದಲ ಸ್ವಲ್ಪವೇ ಮೇಲೇಳುವ ಹಂತ ಬಂದಾಗ ಅಲ್ಲಿಗೆ ನಿಲ್ಲಿಸತಕ್ಕದ್ದು. ಅದಕ್ಕಿಂತ ಮುಂದೆ ಹೋದರೆ ಗದ್ದಲವೂ ಭೂತಗಳೂ ಹೆಚ್ಚುವುವೇ ಹೊರತು ಮಾತು ಹೆಚ್ಚುವುದಿಲ್ಲ. ಎಫ್.ಎಂ. ನಿಲಯಗಳ ಹಾವಳಿ ಆಗಲೂ ನಿಲ್ಲದಿದ್ದರೆ, 88ರಿಂದ 108 ಮೆಗಾಹರ್ಟ್ಸ್‌ವರೆಗಿನದನ್ನು ಮಾತ್ರ ತಡೆಯುವ ಶೋಧಕವೊಂದನ್ನು ಕಡ್ಡಿಗೂ ಕೇಬಲ್ಲಿಗೂ ನಡುವೆ ಸೇರಿಸಬಹುದು. ಹಣ ವೆಚ್ಚ ಮಾಡುವುದಾದರೆ ಏರಿಯಲ್ ವರ್ಧಕಕ್ಕಿಂತ ಮೊದಲು ಇದಕ್ಕೆ ಮಾಡುವುದು ನ್ಯಾಯ.

7 ಮೆಗಾಹರ್ಟ್ಸ್ ಕೇಳುವವರು ತಿಳಿದಿರಬೇಕಾದ ಇನ್ನೊಂದು ಸೂಕ್ಷ್ಮವಿದೆ. ಕಡ್ಡಿಯ ಸಹಜ ವ್ಯಾಪ್ತಿ 24ರಿಂದ ಮೊದಲಾಗುವುದರಿಂದ, ಅದಕ್ಕೆ ಕೆಳಗಿನದನ್ನು ಕೆಲವು ಕಡ್ಡಿಗಳಲ್ಲಿ ನೇರವಾಗಿ ಅಂಕಿ ಮಾಡುವ ಏರ್ಪಾಡು ಇರುತ್ತದೆ. ಸೆಕೆಂಡಿಗೆ 2 ಕೋಟಿ 88 ಲಕ್ಷ ಸಲ ಅಳೆಯುವ ಈ ಏರ್ಪಾಡು ಅದರ ಅರ್ಧ, ಎಂದರೆ 14.4 ಮೆಗಾಹರ್ಟ್ಸ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. ಅದರ ಮೇಲಿನದು ಮಡಿಸಿದ ಕಾಗದದಂತೆ ಕೆಳಗಿನದರ ಮೇಲೆ ಬಂದು ಬೀಳುತ್ತದೆ. 28.8ರಲ್ಲಿ 21.7ನ್ನು ಕಳೆದರೆ 7.1. 21.7ರ ಸುತ್ತಮುತ್ತ ವಿದೇಶಗಳ ಹ್ರಸ್ವತರಂಗ ಪ್ರಸಾರದ ಪಟ್ಟಿಯಿದೆ! ನಮ್ಮ ಹ್ಯಾಮ್‌ಗಳ ನಡುವೆ ಅಪರಿಚಿತ ಭಾಷೆಯ ವಾರ್ತೆ ಕೇಳಿಬಂದರೆ ಅದರ ಮೂಲ ಇದಾಗಿರಬಹುದು. ಕೆಳಗಿನ ಆವರ್ತಾಂಕಗಳನ್ನು ಮಾತ್ರ ಒಳಬಿಡುವ ಶೋಧಕವೇ ಇದಕ್ಕೆ ಮದ್ದು.

ಐದನೆಯದು ಸಾಫ್ಟ್‌ವೇರಿನ ಹೊಂದಾಣಿಕೆ. ಪಟ್ಟಿಯ ಅಗಲವನ್ನು ಮಾತಿಗೆ ತಕ್ಕಷ್ಟೇ ಇಡಬೇಕು. ಕಿಟಕಿಯನ್ನು ಬೇಕಾದುದಕ್ಕಿಂತ ಅಗಲವಾಗಿ ತೆರೆದರೆ ಬೀದಿಯ ಗದ್ದಲವೇ ಒಳಬರುವುದು. 7 ಮೆಗಾಹರ್ಟ್ಸ್‌ನಲ್ಲಿ ಮಾತು ಕೇಳಲು 'ಲೋಯರ್ ಸೈಡ್‌ಬ್ಯಾಂಡ್', 14ರಲ್ಲಿ 'ಅಪ್ಪರ್ ಸೈಡ್‌ಬ್ಯಾಂಡ್' ಆರಿಸಿ, ಅಗಲವನ್ನು 2,700 ಹರ್ಟ್ಸ್ ಇಟ್ಟರೆ ಸರಿ. ಮೋರ್ಸ್ ಸಂಕೇತಕ್ಕೆ 500 ಸಾಕು. ಅಷ್ಟರಿಂದಲೇ ಗದ್ದಲ 7 ಡೆಸಿಬೆಲ್ ತಗ್ಗುತ್ತದೆ. ಅಗ್ಗದ ಕಡ್ಡಿಗಳ ಹರಳು ಹತ್ತು ಲಕ್ಷಕ್ಕೆ ಹಲವು ಪಾಲು ತಪ್ಪು ತೋರಿಸುವುದರಿಂದ, ಯಂತ್ರವನ್ನು ಇಪ್ಪತ್ತು ನಿಮಿಷ ಕಾಯಿಸಿ, ಆವರ್ತಾಂಕ ತಿಳಿದಿರುವ ನಿಲಯವೊಂದರೊಡನೆ ಹೋಲಿಸಿ ತಿದ್ದಿಕೊಳ್ಳಬೇಕು.

ಕೊನೆಯದಾಗಿ ಕಾಲ ಮತ್ತು ಸ್ಥಳ. ಹಗಲಿನಲ್ಲಿ 7 ಮೆಗಾಹರ್ಟ್ಸ್ ನೆರೆಯ ಜಿಲ್ಲೆ ರಾಜ್ಯಗಳನ್ನು ಕೇಳಿಸುತ್ತದೆ. ಸೂರ್ಯಾಸ್ತದ ಅನಂತರ ಆಕಾಶದ ಕೆಳಪದರದ ಹೀರುವಿಕೆ ನಿಂತು ದೂರದೇಶಗಳು ತೆರೆದುಕೊಳ್ಳುತ್ತವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ನಮ್ಮ ಮೇಲೆ ಹಾದುಹೋಗುವಾಗ 145.800 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಡಬಹುದು. ಅದು ಬರುವಾಗ ಸುಮಾರು 3 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಕೇಳುವುದು ಡಾಪ್ಲರ್ ಪರಿಣಾಮದಿಂದ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅವರು ಆ ನಿಲ್ದಾಣದಿಂದ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೊಡನೆ ಮಾತನಾಡಿದ್ದು ಹವ್ಯಾಸಿ ರೇಡಿಯೋ ಮೂಲಕವೇ. ಇಸ್ರೋ ಸಂಸ್ಥೆಯು 2005ರ ಮೇ 5ರಂದು ಹವ್ಯಾಸಿಗಳಿಗಾಗಿಯೇ ಹಾರಿಸಿದ 'ಹ್ಯಾಮ್‌ಸ್ಯಾಟ್' 2014ರವರೆಗೆ ಸೇವೆ ಸಲ್ಲಿಸಿತು.

ಮನೆಯ ಗದ್ದಲ ಏನು ಮಾಡಿದರೂ ತಗ್ಗದಿದ್ದರೆ ಮನೆಯನ್ನೇ ಬಿಟ್ಟು ಹೊರಡುವುದು. ಬಸವನಗುಡಿಯ ಕಹಳೆ ಬಂಡೆಯ ಮೇಲಿಂದ ಹಿಂದೆ ಕಾವಲುಗಾರರು ಸಂಜೆ ಕಹಳೆಯೂದಿ ಪಂಜು ತೋರಿಸುತ್ತಿದ್ದರೆಂದು ಪ್ರತೀತಿ. ದನಿಗೆ ಎತ್ತರವೂ ಬಯಲೂ ಬೇಕೆಂಬುದು ಅವರಿಗೆ ತಿಳಿದಿತ್ತು. ಗೆಳೆಯನೊಬ್ಬನೂ ನಾನೂ ಒಂದು ಭಾನುವಾರ ಬೆಳಿಗ್ಗೆ ಅದೇ ಕಡ್ಡಿ, ಅದೇ ಅರ್ಧ ಮೀಟರಿನ ಎರಡು ತೋಳು, ಒಂದು ಫೋನು ಇಷ್ಟನ್ನೇ ಹಿಡಿದು ಆ ಬಂಡೆಯನ್ನೇರಿದೆವು. ವಠಾರದಲ್ಲಿ ಬೆಳ್ಳಗೆ ಕುದಿಯುತ್ತಿದ್ದ ಜಲಪಾತ ಅಲ್ಲಿ ಕಡುನೀಲಿಯಾಗಿತ್ತು. ಅದರ ಮೇಲೆ ಕೂದಲೆಳೆಯಂತೆ ಎದ್ದ ಗೆರೆಯೊಂದನ್ನು ಒತ್ತಿದಾಗ ಯಾರೋ ಹಿರಿಯರು ಇನ್ನೊಬ್ಬರಿಗೆ ತಮ್ಮ ಊರಿನ ಮಳೆಯ ಸಮಾಚಾರ ಹೇಳುತ್ತಿದ್ದರು. ಒಂದು ಕಾಸನ್ನೂ ಹೆಚ್ಚಿಗೆ ಕೊಡದೆ ಯಂತ್ರ ಉತ್ತಮವಾಗಿತ್ತು.

ಮೆಲ್ಲಗಿನ ದನಿಗೆ ಇಷ್ಟೊಂದು ಶ್ರಮ ಏಕೆ ಎಂದರೆ, 2004ರ ಡಿಸೆಂಬರ್ 26ರ ಸುನಾಮಿಯನ್ನು ನೆನೆಯಬೇಕು. ಹವ್ಯಾಸಕ್ಕಾಗಿ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು, ಉಳಿದ ಸಂಪರ್ಕಗಳು ಕಡಿದಾಗ, ತಮ್ಮ ಸಣ್ಣ ಯಂತ್ರಗಳಿಂದಲೇ ಅಂಡಮಾನಿನ ಜನರ ಕ್ಷೇಮಸಮಾಚಾರವನ್ನು ಮುಖ್ಯ ಭೂಮಿಗೆ ಮುಟ್ಟಿಸಿದರು. ಆ ದಿನ ಅವರ ದನಿಯಷ್ಟೇ ಅಲ್ಲ, ಇತ್ತ ಕಡೆ ಅದನ್ನು ಗದ್ದಲದಿಂದ ಬೇರ್ಪಡಿಸಿ ಕೇಳಬಲ್ಲ ಕಿವಿಗಳೂ ಇದ್ದುದರಿಂದ ಕೆಲಸವಾಯಿತು. ಅಂಥ ಕಿವಿಗಳು ಒಂದು ದಿನದಲ್ಲಿ ತಯಾರಾಗುವುದಿಲ್ಲ.

ಕೇಳಿಸಿದ ಖಾಸಗಿ ಮಾತನ್ನು ಬೇರೆಯವರಿಗೆ ಹರಡದಿರುವುದು, ಪರವಾನಗಿಯಿಲ್ಲದೆ ಪ್ರಸಾರಕ್ಕೆ ಕೈ ಹಾಕದಿರುವುದು ಕೇಳುಗನ ಧರ್ಮ. ಇಷ್ಟನ್ನು ಪಾಲಿಸುವ ಯಾವ ವಿದ್ಯಾರ್ಥಿಗೂ ಆಕಾಶ ತೆರೆದಿದೆ. ಮುಂದಿನ ವರ್ಷ ನಮ್ಮ ಕಾಲೇಜಿನ ಮಾಳಿಗೆಯ ಮೇಲೆ ಹತ್ತು ಮೀಟರ್ ತಂತಿಯೊಂದನ್ನು ಕಟ್ಟಲು ಕಿರಿಯ ಮಿತ್ರರಲ್ಲಿ ನಾಲ್ವರು ಮುಂದೆ ಬಂದರೆ, ಈ ಲೇಖನ ಬರೆದುದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.